ದೇವರ ಜಿಂಕೆ, ದೇವರ ಕಾಡು

ದೇವರ ದೂತನೆಂದು ಪೂಜೆಗೊಳ್ಳುವ ಪ್ರಾಣಿಯು, ದೇವರ ವಾಸಸ್ಥಾನವೆಂದು ಪೂಜೆಗೊಳ್ಳುವ ಅರಣ್ಯವನ್ನು ಮೊಳಕೆಯಲ್ಲಿಯೇ ಮೇದು ಮುಗಿಸುತ್ತಿರುವಾಗ, ಆ ದೇವರಲ್ಲಿ ಶ್ರದ್ಧೆಯುಳ್ಳವನು ಯಾವುದರ ಪಕ್ಷವನ್ನು ವಹಿಸಬೇಕು? ತರ್ಕಶಾಲೆಯಲ್ಲಿ ಬುದ್ಧಿವ್ಯಾಯಾಮಕ್ಕಾಗಿ ಹೆಣೆದ ಪ್ರಶ್ನೆ ಇದಲ್ಲ. ಜಪಾನ್ ದೇಶದ ಪ್ರಾಚೀನ ರಾಜಧಾನಿಯಾದ ನಾರಾ ನಗರದ ಪೂರ್ವದಂಚಿನಲ್ಲಿ, ಕಸುಗ ಮಹಾಮಂದಿರದ ಬೆನ್ನಿಗಿರುವ ಕಸುಗಯಾಮ ಎಂಬ ಬೆಟ್ಟದ ಕಾಡಿನಲ್ಲಿ, ಓಕ್ ಮರದ ಬೀಜವೊಂದು ಮಣ್ಣನ್ನು ಸೀಳಿ ಎರಡೆಲೆ ಬಿಟ್ಟು ನಿಂತಾಗಲೆಲ್ಲ ಈ ಪ್ರಶ್ನೆ ಹುಟ್ಟುತ್ತದೆ. ಆ ಎರಡೆಲೆಗಳು ಜಿಂಕೆಯ ಬಾಯಿಗೆ ಸೇರಿದಾಗಲೆಲ್ಲ ಅದು ಉತ್ತರವಿಲ್ಲದೆ ಉಳಿಯುತ್ತದೆ.

ಕಸುಗ ಮಂದಿರವನ್ನು ಫುಜಿವಾರ ವಂಶದವರು 768ರಲ್ಲಿ ಸ್ಥಾಪಿಸಿದರು. ಪರಾಕ್ರಮದ ದೇವತೆಯಾದ ತಾಕೆಮಿಕಜುಚಿಯು ದೂರದ ಪೂರ್ವಪ್ರಾಂತದ ಕಶಿಮ ಕ್ಷೇತ್ರದಿಂದ ಬಿಳಿಯ ಜಿಂಕೆಯೊಂದನ್ನೇರಿ ಇಲ್ಲಿಯ ಮಿಕಸ ಗುಡ್ಡಕ್ಕೆ ಬಂದಿಳಿದನೆಂಬುದು ಐತಿಹ್ಯ. ಅಂದಿನಿಂದ ಆ ಪ್ರಾಂತದ ಜಿಂಕೆಗಳೆಲ್ಲವೂ ದೇವದೂತರು. 841ರಲ್ಲಿ ರಾಜಾಜ್ಞೆಯೊಂದು ಹೊರಟು ಆ ಬೆಟ್ಟದಲ್ಲಿ ಬೇಟೆಯಾಡುವುದನ್ನೂ ಮರ ಕಡಿಯುವುದನ್ನೂ ಒಟ್ಟಿಗೇ ನಿಷೇಧಿಸಿತು. ಮೃಗಕ್ಕೂ ವೃಕ್ಷಕ್ಕೂ ಒಂದೇ ಶಾಸನದಿಂದ ಅಭಯ ದೊರೆತದ್ದನ್ನು ಓದುಗರು ಗಮನಿಸಬೇಕು. ಆ ಶಾಸನ ಮಾಡಿದವರ ಮನಸ್ಸಿನಲ್ಲಿ ಇವೆರಡರ ನಡುವೆ ಎಂದಾದರೊಂದು ದಿನ ವಿರೋಧ ಬಂದೀತೆಂಬ ಶಂಕೆಯ ಲೇಶವೂ ಇದ್ದಿರಲಾರದು. ಹನ್ನೊಂದು ಶತಮಾನಗಳಿಗೂ ಮಿಕ್ಕಿ ಕೊಡಲಿಯನ್ನು ಕಾಣದ ಸುಮಾರು 250 ಹೆಕ್ಟೇರುಗಳ ಆ ನಿತ್ಯಹರಿದ್ವರ್ಣ ವನಕ್ಕೆ 1955ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕವೆಂಬ ಮನ್ನಣೆಯೂ, 1998ರಲ್ಲಿ ಪ್ರಾಚೀನ ನಾರಾದ ಇತರ ಸ್ಮಾರಕಗಳೊಡನೆ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನವೂ ಲಭಿಸಿದವು. ಜಿಂಕೆಗಳಿಗೂ 1957ರಲ್ಲಿ ನೈಸರ್ಗಿಕ ಸ್ಮಾರಕದ ಪದವಿ ದೊರೆಯಿತು. ಮಹಾಯುದ್ಧದ ಕ್ಷಾಮಕಾಲ ಮುಗಿಯುವಷ್ಟರಲ್ಲಿ ಎಪ್ಪತ್ತೊಂಬತ್ತಕ್ಕೆ ಇಳಿದಿದ್ದ ಅವುಗಳ ಸಂಖ್ಯೆ ಈಗ ಸಾವಿರದ ಇನ್ನೂರನ್ನು ದಾಟಿದೆ. ಈ ಜಿಂಕೆಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಇವು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಸುತ್ತಲಿನ ಜಿಂಕೆಗಳೊಡನೆ ಬೆರೆಯದೆ ಪ್ರತ್ಯೇಕವಾಗಿ ಉಳಿದುಬಂದ ಕುಲ. ಸುತ್ತಲ ಗುಡ್ಡಗಳಲ್ಲಿ ಬೇಟೆಗಾರನು ಇತರ ಜಿಂಕೆಗಳನ್ನು ಅಳಿಸಿದಾಗಲೂ ದೇವಾಲಯದ ನೆರಳು ಇವನ್ನು ಉಳಿಸಿತು. ಜನರ ಭಕ್ತಿಯೊಂದು ಪ್ರಾಣಿಯ ರಕ್ತದಲ್ಲಿಯೇ ಗುರುತು ಬಿಟ್ಟಿರುವ ಇಂಥ ಮತ್ತೊಂದು ನಿದರ್ಶನವನ್ನು ನಾನು ಅರಿಯೆ. ಅದರ ಮುಂದೆ ತಲೆಬಾಗದೆ ಈ ವಿಚಾರವನ್ನು ಮುಂದುವರಿಸುವುದು ನನಗೆ ಸಾಧ್ಯವಿಲ್ಲ.

ಆದರೆ ಈ ಕಾಡಿನೊಳಗೆ ತಲೆಯೆತ್ತಿ ನೋಡುವುದನ್ನು ಬಿಟ್ಟು ನೆಲವನ್ನು ನೋಡಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಇಚಿಯಿಗಾಶಿ ಎಂಬ ನಿತ್ಯಹರಿತ ಓಕ್ ವೃಕ್ಷ ಈ ವನದ ಹಿರಿಯರಲ್ಲಿ ಮುಖ್ಯವಾದುದು. ಅದು ಕಾಯಿ ಉದುರಿಸುತ್ತದೆ, ಕಾಯಿ ಮೊಳೆಯುತ್ತದೆ, ಮೊಳೆತದ್ದು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಅದರ ಸುಳಿಯನ್ನು ಜಿಂಕೆ ಕಿತ್ತು ತಿನ್ನುತ್ತದೆ. ಮತ್ತೆ ಚಿಗುರಿದರೆ ಮತ್ತೆ ತಿನ್ನುತ್ತದೆ. ಬೇರಿನಲ್ಲಿ ಕೂಡಿಟ್ಟ ಸತ್ತ್ವ ತೀರುವವರೆಗೆ ಸಸಿ ಚಿಗುರುತ್ತಲೇ ಇದ್ದು, ಬಳಿಕ ಒಣಗುತ್ತದೆ. ನಗರದ ಉದ್ಯಾನದ ಕಡೆಗಂತೂ ಮರಗಳ ಕೆಳಕೊಂಬೆಗಳೆಲ್ಲ ಜಿಂಕೆ ಕತ್ತೆತ್ತಿದಾಗ ಬಾಯಿ ಎಟುಕುವ ಎತ್ತರಕ್ಕೆ ಸರಿಯಾಗಿ, ದಾರ ಹಿಡಿದು ಕತ್ತರಿಸಿದಂತೆ, ಸಮರೇಖೆಯಲ್ಲಿ ನಿಂತಿವೆ. ಬಿರುಗಾಳಿಗೆ ಮುದಿಮರವೊಂದು ಬಿದ್ದು ಆಕಾಶ ತೆರೆದು ನೆಲಕ್ಕೆ ಬಿಸಿಲು ಬಿದ್ದಾಗ, ಆ ಬೆಳಕಿಗಾಗಿ ದಶಕಗಳಿಂದ ಕಾದು ನಿಂತಿರಬೇಕಾದ ಓಕ್ ಸಂತಾನವು ಅಲ್ಲಿಲ್ಲ. ಜಿಂಕೆ ಮುಟ್ಟದ ಗಿಡಗಳು ಆ ತೆರವನ್ನು ತುಂಬುತ್ತವೆ: ಮಂದಿರಕ್ಕೆ ಸೇರಿದ ತೋಪಿನಿಂದ ಹರಡುತ್ತಿರುವ ನಾಗಿ ಮರ, ಎಲೆಯಲ್ಲಿ ವಿಷವಿರುವ ಅಸೆಬಿ ಪೊದೆ, ಬೀದಿಬದಿಯ ಅಲಂಕಾರಕ್ಕಾಗಿ ಇಪ್ಪತ್ತನೆಯ ಶತಮಾನದಲ್ಲಿ ತಂದು ನೆಟ್ಟ ಚೀನಾದೇಶದ ಮೇಣದ ಮರ. ಕಾಡೆಂಬ ಹೆಸರು ಹಾಗೆಯೇ ಉಳಿದು, ಒಳಗಿನ ಪ್ರಜೆ ಬದಲಾಗುತ್ತಿದೆ. ಇನ್ನೂ ವಿಸ್ಮಯದ ಮಾತೆಂದರೆ, ನಾರಾದ ಉದ್ಯಾನದಲ್ಲಿ ಬೆಳೆಯುವ ತುರಿಕೆಗಿಡವು ಬೇರೆ ಕಡೆಯ ತನ್ನ ಬಂಧುಗಳಿಗಿಂತ ಅನೇಕ ಪಟ್ಟು ಹೆಚ್ಚು ಚುಚ್ಚುರೋಮಗಳನ್ನು ತಳೆದಿದೆ; ಅದರ ಬೀಜವನ್ನು ಜಿಂಕೆಯಿಲ್ಲದ ಸ್ಥಳದಲ್ಲಿ ಬಿತ್ತಿದರೂ ಆ ಗುಣ ಹೋಗದೆಂದು ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ಭಕ್ತಿಯು ಜಿಂಕೆಯ ರಕ್ತದಲ್ಲಿ ಬರೆದ ಇತಿಹಾಸಕ್ಕೆ, ಜಿಂಕೆಯ ಹಲ್ಲು ಗಿಡದ ಮೈಯಲ್ಲಿ ಬರೆದ ಇತಿಹಾಸವು ಹೀಗೆ ಸಾಕ್ಷಿಯಾಗಿ ನಿಂತಿದೆ. ಒಂದು ವರ್ಷದಲ್ಲಿ ಹಲವು ಬೀಜ ಬಿಡುವ ಗಿಡಕ್ಕೆ ಹೀಗೆ ಹೊಂದಿಕೊಳ್ಳುವ ಅವಕಾಶವಿದೆ. ನೂರಾರು ವರ್ಷ ಬಾಳುವ ಮರಕ್ಕೆ, ತನ್ನ ಒಂದು ತಲೆಮಾರೂ ಮುಗಿಯದಿರುವಾಗ, ಆ ಅವಕಾಶವೆಲ್ಲಿಯದು?

ಈ ಅಪಾಯ ಕಣ್ಣಿಗೆ ಬೀಳದಿರುವುದೇ ಅದರ ಘೋರತೆ. ಮಕ್ಕಳೇ ಹುಟ್ಟದ ಊರಿನಲ್ಲಿಯೂ ಬೀದಿಗಳು ಬಹುಕಾಲ ಜನರಿಂದ ತುಂಬಿಯೇ ಇರುವುದಿಲ್ಲವೆ? ಹಾಗೆಯೇ ಎಳೆಯದಿಲ್ಲದ ಕಾಡು ಒಂದು ಮನುಷ್ಯಾಯುಷ್ಯದ ಅವಧಿಯಲ್ಲಿ ನೋಡುವವನಿಗೆ ಸಮೃದ್ಧವಾಗಿಯೇ ಕಾಣುತ್ತದೆ. ತಾತನು ಕಂಡ ಮರವನ್ನೇ ಮೊಮ್ಮಗನೂ ಕಂಡು ನಮಸ್ಕರಿಸಿ, ಎಲ್ಲವೂ ಕ್ಷೇಮವೆಂದು ಹಿಂದಿರುಗುತ್ತಾನೆ. ಈಚಿನ ವರ್ಷಗಳಲ್ಲಿ ಕಾಂಡಕೊರಕ ದುಂಬಿಯೊಂದು ಹರಡುವ ಶಿಲೀಂಧ್ರರೋಗದಿಂದ ಆ ಬೆಟ್ಟದ ಹಿರಿಯ ಓಕ್‌ಗಳೇ ಸಾಯತೊಡಗಿ, ಉತ್ತರಾಧಿಕಾರಿಯಿಲ್ಲದ ಗೃಹಸ್ಥನ ಮರಣದಂತಹ ಆತಂಕ ಆ ಕಾಡಿನ ಹಿತಚಿಂತಕರಲ್ಲಿ ಉಂಟಾಗಿದೆ.

ಇಲ್ಲಿ ನನ್ನ ಮನಸ್ಸು ನಮ್ಮ ಪುರಾಣವೊಂದರ ಕಡೆಗೆ ತಿರುಗುತ್ತದೆ. ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಭರತಮಹಾರಾಜನು ಸಮಸ್ತ ರಾಜ್ಯವನ್ನು ತೊರೆದು ಗಂಡಕೀ ತೀರದ ಪುಲಹಾಶ್ರಮದಲ್ಲಿ ತಪಸ್ಸಿಗೆ ಕುಳಿತಿರಲು, ಸಿಂಹಗರ್ಜನೆಗೆ ಬೆದರಿ ನದಿಯನ್ನು ಹಾರಿದ ಗರ್ಭಿಣಿ ಜಿಂಕೆಯ ಮರಿ ಹೊಳೆಗೆ ಬಿದ್ದು ತಾಯಿ ಸಾಯುತ್ತದೆ. ಕರುಣೆಯಿಂದ ಅದನ್ನೆತ್ತಿ ಸಾಕಿದ ರಾಜರ್ಷಿಯು ಕ್ರಮೇಣ ಜಪತಪಗಳನ್ನು ಮರೆತು, ಮರಿಯನ್ನು ತೋಳ ಹಿಡಿದೀತೆಂಬ ಚಿಂತೆಯಲ್ಲಿಯೇ ಹಗಲಿರುಳು ಕಳೆದು, ಅದನ್ನೇ ನೆನೆಯುತ್ತ ಪ್ರಾಣಬಿಟ್ಟು, ತಾನೇ ಜಿಂಕೆಯಾಗಿ ಹುಟ್ಟುತ್ತಾನೆ. ಮಮಕಾರವು ಮುಮುಕ್ಷುವನ್ನೂ ಕಟ್ಟಿಹಾಕುವುದೆಂದು ಪೌರಾಣಿಕರು ಈ ಕಥೆಯ ತಾತ್ಪರ್ಯವನ್ನು ಹೇಳುವುದುಂಟು. ಅದು ಸರಿಯಾದ ಮಾತೇ. ಆದರೆ ಕಸುಗದ ಕಾಡನ್ನು ಕುರಿತು ಓದಿದ ಮೇಲೆ ಈ ಕಥೆಯಲ್ಲಿ ನನಗೆ ಇನ್ನೊಂದು ಅಂಶವೂ ಕಾಣುತ್ತದೆ. ಭರತನ ಕರುಣೆಯು ತನ್ನ ಕೈಗೆ ತೇಲಿ ಬಂದ, ತನ್ನ ಮುಖವನ್ನು ಬೆದರುಗಣ್ಣಿನಿಂದ ದಿಟ್ಟಿಸಿದ ಜೀವವನ್ನು ಮಾತ್ರ ಕಂಡಿತು. ದಯೆಯೆಂಬ ಗುಣದ ಸ್ವಭಾವವೇ ಅದು: ಕಣ್ಣುಳ್ಳದ್ದನ್ನು ಅದು ಬೇಗ ಗುರುತಿಸುತ್ತದೆ. ಬಯಲಿನಲ್ಲಿ ನಿಂತು ಕಿವಿ ನಿಮಿರಿಸಿ ನೋಡುವ ಹರಿಣಕ್ಕೆ ಮುಖವಿದೆ, ಮುಂದಿನ ಶತಮಾನದಲ್ಲಿ ನೆರಳಾಗಬೇಕಾಗಿದ್ದ ವೃಕ್ಷಕ್ಕೆ ಮುಖವಿಲ್ಲ. ಅದು ಇಂದು ಎರಡೆಲೆಯ ಸಸಿ, ನಾಳೆ ಅದೂ ಇಲ್ಲ. ಹುಟ್ಟದೆ ಹೋದುದಕ್ಕಾಗಿ ಶೋಕಿಸುವ ಶಿಕ್ಷಣವನ್ನು ನಮ್ಮ ಹೃದಯಕ್ಕೆ ಯಾರೂ ಕೊಟ್ಟಿಲ್ಲ.

ಜೈನದರ್ಶನವು ಈ ತೂಕವನ್ನು ಬಹು ಸೂಕ್ಷ್ಮವಾಗಿ ನಿರ್ಣಯಿಸಲು ಯತ್ನಿಸಿದೆ. ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಸ್ಪರ್ಶಮಾತ್ರವನ್ನು ಅರಿಯುವ ಸಸ್ಯವನ್ನು ಏಕೇಂದ್ರಿಯವೆಂದೂ, ಜಿಂಕೆ ಆನೆ ಮನುಷ್ಯರನ್ನು ಪಂಚೇಂದ್ರಿಯಗಳೆಂದೂ ಅದು ಕರೆದು, ಇಂದ್ರಿಯಗಳು ಹೆಚ್ಚಿದಂತೆ ಹಿಂಸೆಯ ಪಾಪವೂ ಹೆಚ್ಚುವುದೆಂದು ಬೋಧಿಸುತ್ತದೆ. ಗೃಹಸ್ಥನಾದ ಶ್ರಾವಕನು ಅನಿವಾರ್ಯವಾದಲ್ಲಿ ಏಕೇಂದ್ರಿಯಕ್ಕೆ ನೋವುಂಟುಮಾಡಿಯಾನು. ಪಂಚೇಂದ್ರಿಯದ ವಧೆಯನ್ನು ಅವನು ನೆನೆಯಲೂ ಬಾರದು. ಈ ತಕ್ಕಡಿಯಲ್ಲಿ ಸಾವಿರ ಸಸಿಗಳನ್ನಿಟ್ಟರೂ ಒಂದು ಜಿಂಕೆಯ ತಟ್ಟೆ ಮೇಲೇಳದು. ಎಷ್ಟೋ ಮೂಕಪ್ರಾಣಿಗಳ ಕೊರಳಿನಿಂದ ಕತ್ತಿಯನ್ನು ದೂರವಿರಿಸಿದ ಉದಾತ್ತ ಸಿದ್ಧಾಂತ ಅದು; ಅದನ್ನು ಹಗುರವಾಗಿ ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೂ ಆ ತಕ್ಕಡಿಯು ಜೀವಗಳನ್ನು ಒಂದೊಂದಾಗಿ ತೂಗುತ್ತದೆಯೇ ಹೊರತು, ಜೀವ ಜೀವಗಳ ನಡುವಣ ಸಂಬಂಧವನ್ನು ತೂಗಲಾರದು. ಓಕ್ ಮರದ ಪೊಟರೆಯಲ್ಲಿ ಬಾಳುವ ಹಕ್ಕಿ, ಅದರ ತೊಗಟೆಯ ಹುಳು, ಅದರ ನೆರಳಿನ ಹಾವಸೆ, ಅದರ ಬೇರು ಹಿಡಿದಿಟ್ಟ ಮಣ್ಣು, ಆ ಮಣ್ಣಿನಿಂದ ಒಸರುವ ತೊರೆ, ಕೊನೆಗೆ ಅದರ ಕಾಯನ್ನೇ ತಿನ್ನುವ ಜಿಂಕೆ: ಇವೆಲ್ಲವೂ ಒಂದು ಸಸಿ ಬೆಳೆಯಿತೆ ಇಲ್ಲವೆ ಎಂಬುದನ್ನು ಅವಲಂಬಿಸಿರುವಾಗ ಅದನ್ನು ಬರಿಯ ಏಕೇಂದ್ರಿಯವೆಂದು ಎಣಿಸಿ ಮುಂದೆ ಹೋಗುವುದು ಹೇಗೆ? ಪರಸ್ಪರೋಪಕಾರವು ಜೀವಲಕ್ಷಣವೆಂಬ ಅಭಿಪ್ರಾಯವು ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ಈ ಗ್ರಂಥಿಯನ್ನು ಬಿಚ್ಚುವ ಎಳೆ ಅಲ್ಲಿಯೇ ಸಿಕ್ಕೀತೆಂದು ನನಗೆ ತೋರುತ್ತದೆ. ಜೈನಪುರಾಣಗಳಲ್ಲಿ ಇದೇ ಭರತನ ತಮ್ಮನೆನಿಸಿದ ಬಾಹುಬಲಿಯ ಶಿಲಾವಿಗ್ರಹವು ಶ್ರವಣಬೆಳಗೊಳದಲ್ಲಿ ಒಂದು ಸಹಸ್ರಮಾನದಿಂದ ನಿಂತಿದೆ. ಮಾಧವೀಲತೆ ಅವನ ಕಾಲನ್ನು ಬಳಸಿ ತೊಡೆಯನ್ನು ಸುತ್ತಿ ತೋಳಿನವರೆಗೆ ಏರಿದೆ. ಅಹಿಂಸೆಯ ಪರಾಕಾಷ್ಠೆಯನ್ನು ಕಲ್ಲಿನಲ್ಲಿ ತೋರಬೇಕೆಂದಾಗ ಶಿಲ್ಪಿಗೆ ಹೊಳೆದುದು, ಕುಡಿಯನ್ನು ಯಾರೂ ಚಿವುಟದೆ ಬೆಳೆಯಲು ಬಿಟ್ಟ ಬಳ್ಳಿ.

ಕರುಣೆಯ ತೂಕ ಹೀಗೆ ತೊಡಕಾದುದಕ್ಕೆ ಜಿಂಕೆಯಂತೂ ಕಾರಣವಲ್ಲ. ತನಗೆ ವಿಧಿಸಿದ ಮೇವನ್ನು ಅದು ಮೇಯುತ್ತಿದೆ. ಈ ಕಥೆಯಲ್ಲಿ ಕಾಣೆಯಾಗಿರುವ ಪಾತ್ರವೊಂದಿದೆ. ನಾರಾ ಪ್ರಾಂತಕ್ಕೇ ಸೇರಿದ ವಶಿಕಗುಚಿ ಎಂಬ ಹಳ್ಳಿಯಲ್ಲಿ 1905ರ ಜನವರಿಯಲ್ಲಿ ಅಮೆರಿಕದ ಸಂಗ್ರಾಹಕ ಮಾಲ್ಕಮ್ ಆಂಡರ್ಸನ್ ಎಂಬಾತನು ಸ್ಥಳೀಯ ಬೇಟೆಗಾರರಿಂದ ಸತ್ತ ತೋಳವೊಂದನ್ನು ಕೊಂಡನು. ಅದರ ಚರ್ಮವೂ ತಲೆಬುರುಡೆಯೂ ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಜಪಾನಿನ ತೋಳದ ಬಗೆಗೆ ಉಳಿದಿರುವ ಕೊನೆಯ ನಿಶ್ಚಿತ ದಾಖಲೆ ಅದೇ. ರೋಗ, ಬಂದೂಕು, ಕಾಡಿನ ನಾಶ ಇವು ಕೂಡಿ ಆ ಕುಲವನ್ನು ಅಳಿಸಿದವು. ಇದೇ ದೇಶದಲ್ಲಿ, ಚಿಚಿಬು ಸೀಮೆಯ ಮಿತ್ಸುಮಿನೆ ಮಂದಿರದಲ್ಲಿ, ತೋಳವೂ ದೇವರ ದೂತನೇ ಆಗಿತ್ತು. ಹಂದಿ ಜಿಂಕೆಗಳಿಂದ ಬೆಳೆಯನ್ನು ಕಾಯುವವನೆಂದು ರೈತರು ಅದರ ಚಿತ್ರವಿರುವ ರಕ್ಷೆಯನ್ನು ತಂದು ಹೊಲದಲ್ಲಿಡುತ್ತಿದ್ದರು. ಇಬ್ಬರು ದೂತರಲ್ಲಿ ಒಬ್ಬನನ್ನು ಕೊಂದು ಇನ್ನೊಬ್ಬನನ್ನು ಸಾಕಿದ ಮೇಲೆ, ಅರಣ್ಯದಲ್ಲಿ ದೇವರ ಆಜ್ಞೆ ಅರ್ಧವೇ ನಡೆಯುತ್ತಿದೆಯೆಂದು ಹೇಳಿದರೆ ತಪ್ಪಾಗಲಾರದು.

ನನ್ನ ನಿಲುವು ಇಷ್ಟು: ತೋಳವನ್ನು ಹೊರದೂಡಿದವನಿಗೆ ತೋಳದ ಋಣ ಅಂಟಿಕೊಳ್ಳುತ್ತದೆ. ಅನಂತರ ಅವನು ಕೈಕಟ್ಟಿ ಕುಳಿತು, ನಾನು ಯಾರನ್ನೂ ಹಿಂಸಿಸಲಿಲ್ಲವೆಂದು ಹೇಳಿದರೆ, ಆ ಮಾತು ಅರ್ಧಸತ್ಯವಾಗುತ್ತದೆ. ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣಬೇಕೆಂಬ ಗೀತೆಯ ಬೋಧೆಗೆ ಇಷ್ಟು ಕಟುವಾದ ಉದಾಹರಣೆ ಅಪೂರ್ವ. ಸುಮ್ಮನಿರುವುದು ಕೂಡ ಇಲ್ಲಿ ಕೃತ್ಯವೇ. ಅದರ ಫಲವನ್ನು ಉಣ್ಣುವವರು ಇನ್ನೂ ಹುಟ್ಟದಿರುವ ಮರಗಳು ಮತ್ತು ಆ ಮರಗಳಿಲ್ಲದ ಬೆಟ್ಟದಲ್ಲಿ ಹಸಿದು ಸಾಯಬೇಕಾದ ನಾಳಿನ ಜಿಂಕೆಗಳು. ನಮ್ಮ ಬಂಡೀಪುರ ನಾಗರಹೊಳೆಗಳಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಇಂದಿಗೂ ಇರುವುದರಿಂದ ಆ ಭಾರ ನಮ್ಮ ಹೆಗಲಿಗೆ ಬಿದ್ದಿಲ್ಲ. ಬ್ರಿಟಿಷರ ಕಾಲದಲ್ಲಿ ಸೀಳುನಾಯಿಯ ತಲೆಗೆ ಬಹುಮಾನ ಕಟ್ಟಿದ್ದ ದೇಶ ನಮ್ಮದೆಂಬುದನ್ನು ನೆನೆದರೆ, ಅದು ಎಷ್ಟು ಸ್ವಲ್ಪದರಲ್ಲಿ ತಪ್ಪಿತೆಂಬ ಅರಿವೂ ಆಗುತ್ತದೆ. ಜಿಂಕೆಯನ್ನು ಬೇಟೆಯಾಡುವ ಮೃಗವಿಲ್ಲದ ಅಂಡಮಾನ್ ದ್ವೀಪಗಳಿಗೆ ಆ ಆಡಳಿತದವರೇ ತಂದು ಬಿಟ್ಟ ಚುಕ್ಕೆಜಿಂಕೆಗಳು ಅಲ್ಲಿಯ ಕಾಡಿನ ಎಳೆಗಿಡಗಳನ್ನು ಇಂದಿಗೂ ಮೇಲೇಳಗೊಡುತ್ತಿಲ್ಲ. ಕೆನಡಾದ ಪಶ್ಚಿಮ ಕಡಲಿನ ಹೈಡಾ ಗ್ವಾಯಿ ದ್ವೀಪಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಗಿನಿಂದ ತಂದು ಬಿಟ್ಟ ಜಿಂಕೆಗಳು, ಹೈಡಾ ಜನರ ದೋಣಿಗೂ ಮನೆಗೂ ಕುಲಸ್ತಂಭಕ್ಕೂ ಬಟ್ಟೆಗೂ ಮೂಲವಾದ ಕೆಂಪು ದೇವದಾರುವಿನ ಸಂತತಿಯನ್ನು ತಡೆದು ನಿಲ್ಲಿಸಿವೆ. ಅಲ್ಲಿಯ ರಕ್ಷಿತಾರಣ್ಯದವರೂ ಹೈಡಾ ಜನರೂ ಸೇರಿ 2017ರಲ್ಲಿ ಆರು ದ್ವೀಪಗಳಿಂದ ಜಿಂಕೆಗಳನ್ನು ನಿವಾರಿಸಲು ನಿಶ್ಚಯಿಸಿ ಕಾರ್ಯಕ್ಕಿಳಿದರು.

ನಿವಾರಣೆಯೆಂದರೆ ಕೊಲ್ಲುವುದು. ಆ ಮಾತನ್ನು ಮೃದುವಾದ ಪದಗಳಿಂದ ಮುಚ್ಚಬಾರದು. ಈ ಸ್ಥಳದಲ್ಲಿ ವಿಚಾರವಂತನಾದ ಓದುಗನು ನನ್ನನ್ನು ತಡೆದು ಕೇಳಬಹುದು: ಸಮಷ್ಟಿಯ ಹಿತಕ್ಕಾಗಿ ವ್ಯಷ್ಟಿಯನ್ನು ಬಲಿಗೊಡುವ ಈ ವಾದವನ್ನು ಇಂದು ಜಿಂಕೆಗೆ ಅನ್ವಯಿಸುವವನು ನಾಳೆ ಮನುಷ್ಯನಿಗೂ ಅನ್ವಯಿಸನೆಂಬುದಕ್ಕೆ ಪ್ರಮಾಣವೇನು? ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬಲ್ಲ ಯಾರೂ ಈ ಪ್ರಶ್ನೆಯನ್ನು ಉಪೇಕ್ಷಿಸಲಾರರು. ಕಾಡು ದೊಡ್ಡದು, ಜಿಂಕೆ ಚಿಕ್ಕದು ಎಂಬ ಗಣಿತದಿಂದ ಇದಕ್ಕೆ ಸಮಾಧಾನ ಹೇಳಲಾಗದು. ನೋವನ್ನು ಅನುಭವಿಸುವುದು ಆ ಒಂದು ಜಿಂಕೆಯೇ. ಅರಣ್ಯವೆಂಬ ಸಮುದಾಯಕ್ಕೆ ನರಗಳಿಲ್ಲ. ಆದಕಾರಣ ಕೊಲ್ಲದೆ ಕಾಯುವ ದಾರಿ ಇರುವವರೆಗೆ ಆ ದಾರಿಯಲ್ಲಿಯೇ ನಡೆಯುವುದು ಧರ್ಮ. ಕಸುಗಯಾಮದಲ್ಲಿ ಕಾಡಿನ ತುಂಡುಗಳಿಗೆ ಬೇಲಿ ಹಾಕಿ ಸಸಿಗಳನ್ನು ಕಾಪಾಡುವ ಕಾರ್ಯ ನಡೆದಿದೆ. ಅದೇ ಪ್ರಾಂತದ ದಕ್ಷಿಣಕ್ಕೆ, ಪರ್ವತವ್ರತಿಗಳಾದ ಯಾಮಬುಶಿಗಳು ನಡೆಯುವ ಓಮಿನೆ ಶ್ರೇಣಿಯಲ್ಲಿ, 1915 ಮೀಟರ್ ಎತ್ತರದ ಬುಕ್ಯೋಗದಾಕೆ ಶಿಖರದ ಬಳಿ, ಒಯಾಮರೆಂಗೆ ಎಂಬ ಬಿಳಿಹೂವಿನ ಸಂಪಿಗೆಜಾತಿಯ ವಿರಳ ಮರವು ಇಂದು ಉಳಿದಿರುವುದು ಬೇಲಿಯ ಒಳಗೆ. ಪಕ್ಕದ ಓದೈಗಹರ ಪ್ರಸ್ಥಭೂಮಿಯಲ್ಲಿ 1959ರ ಚಂಡಮಾರುತಕ್ಕೆ ಮರಗಳುರುಳಿ ಹಾವಸೆಯ ನೆಲದಲ್ಲಿ ಗಿಡ್ಡ ಬಿದಿರು ಹರಡಿ, ಅದನ್ನು ಮೇದು ಹೆಚ್ಚಿದ ಜಿಂಕೆಗಳು ಸ್ಪ್ರೂಸ್ ಮರಗಳ ತೊಗಟೆಯನ್ನು ಸುಲಿದು ಕೊಂದದ್ದರಿಂದ, ದಕ್ಷಿಣದ ಕಟ್ಟಕಡೆಯ ಆ ಸ್ಪ್ರೂಸ್ ವನವೂ ತಂತಿಬಲೆಯ ಆಶ್ರಯದಲ್ಲಿದೆ. ಆದರೆ ಬೇಲಿಯು ಹಿಮಕ್ಕೆ ಬಾಗುತ್ತದೆ, ಬಿದ್ದ ಮರಕ್ಕೆ ಹರಿಯುತ್ತದೆ. ಅದನ್ನು ಎಷ್ಟು ಶತಮಾನ ಕಾಯಬೇಕೆಂಬುದಕ್ಕೆ ಮಿತಿಯಿಲ್ಲ. ಜಿಂಕೆಯ ಹೆಜ್ಜೆಯೇ ಬೀಳದ ಕಾಡೂ ಪೂರ್ಣವಾದ ಕಾಡಲ್ಲ. ಬೇಲಿ ಕಾಲಾವಕಾಶವನ್ನು ಕೊಡುತ್ತದೆ, ನಿರ್ಣಯವನ್ನು ನಮಗೇ ಬಿಡುತ್ತದೆ.

ಜಪಾನಿನ ಧಾರ್ಮಿಕ ಪರಂಪರೆಯಲ್ಲಿಯೇ ಈ ನಿರ್ಣಯವನ್ನು ಎದುರಿಸಿದ ಇನ್ನೊಂದು ಕ್ಷೇತ್ರವಿದೆ. ನಗಾನೊ ಪ್ರಾಂತದ ಸುವಾ ಮಂದಿರದ ದೇವತೆ ತಾಕೆಮಿನಕತ. ಪುರಾಣದಲ್ಲಿ ಕಸುಗದ ತಾಕೆಮಿಕಜುಚಿಗೆ ಸೋತು ಸುವಾಕ್ಕೆ ಓಡಿಬಂದು ನೆಲೆಸಿದವನು. ಅಲ್ಲಿ ಜಿಂಕೆಯು ದೂತನಾಗಿರದೆ ನೈವೇದ್ಯವಾಗಿತ್ತು. ವಸಂತಕಾಲದ ಉತ್ಸವದಲ್ಲಿ ಹಿಂದೆ ಎಪ್ಪತ್ತೈದು ಜಿಂಕೆಗಳ ತಲೆಗಳನ್ನು ಅರ್ಪಿಸುತ್ತಿದ್ದರು. ಪ್ರತಿ ವರ್ಷವೂ ಅವುಗಳಲ್ಲಿ ಒಂದರ ಕಿವಿ ಸೀಳಿರುತ್ತಿತ್ತೆಂದೂ ಅದನ್ನು ದೇವರೇ ತನ್ನ ಈಟಿಯಿಂದ ಗುರುತಿಸಿದನೆಂದೂ ಜನ ನಂಬಿದ್ದರು. ಇಂದು ತುಂಬಿಸಿಟ್ಟ ತಲೆಗಳು ಮಾತ್ರ ಆ ಸ್ಥಾನದಲ್ಲಿ ಕುಳಿತಿರುತ್ತವೆ. ಮಾಂಸಭಕ್ಷಣ ಪಾಪವೆಂದು ಬೌದ್ಧಧರ್ಮ ಸಾರಿದ ಕಾಲದಲ್ಲಿ ಜಿಂಕೆಯನ್ನು ತಿನ್ನಲು ಅನುಮತಿ ನೀಡುವ ಚೀಟಿಯನ್ನು ಈ ಮಂದಿರವೇ ಕೊಡುತ್ತಿತ್ತು. ಮನುಷ್ಯನ ಆಹಾರವಾದ ಪ್ರಾಣಿಯು ಅವನ ದೇಹದ ಮೂಲಕ ಬುದ್ಧತ್ವವನ್ನು ಪಡೆಯುವುದೆಂಬ ಸಮರ್ಥನೆಯೂ ಅಲ್ಲಿ ಬೆಳೆದಿತ್ತು. ಆ ಸಮರ್ಥನೆ ನನಗೆ ಒಪ್ಪಿಗೆಯಾಗದು. ತಿನ್ನುವವನಿಗೆ ಅಷ್ಟು ಅನುಕೂಲವಾದ ಸಿದ್ಧಾಂತವನ್ನು ಸಂದೇಹದಿಂದ ನೋಡುವುದೇ ಲೇಸು. ಆದರೆ ಕೊಂದದ್ದನ್ನು ದೇವರ ಮುಂದೆ ತಂದಿಟ್ಟು, ಎಣಿಸಿ, ಇದನ್ನು ನಾವು ಮಾಡಿದೆವೆಂದು ವರ್ಷಕ್ಕೊಮ್ಮೆ ನಿವೇದಿಸುವ ಆ ಕ್ರಮದಲ್ಲಿ ಒಂದು ಸತ್ಯನಿಷ್ಠೆಯಿದೆ. ಆರು ವರ್ಷಗಳಿಗೊಮ್ಮೆ, ಹುಲಿಯ ಮತ್ತು ಕೋತಿಯ ಸಂವತ್ಸರಗಳಲ್ಲಿ, ಅದೇ ಮಂದಿರಕ್ಕೆ ಬೆಟ್ಟದಿಂದ ಹದಿನಾರು ಮಹಾ ಫರ್ ವೃಕ್ಷಗಳನ್ನು ಎಳೆತಂದು ಕಂಬಗಳಾಗಿ ನಿಲ್ಲಿಸುವರು. ಮರವೂ ಮೃಗವೂ ಎರಡೂ ದೇವರಿಗೆ ಸಲ್ಲುವುದರಿಂದ ಎರಡರ ಲೆಕ್ಕವನ್ನೂ ಆ ಜನ ಇಡಬೇಕಾಯಿತು.

ನಾರಾದಲ್ಲಿ 2017ರಿಂದ ಮಂದಿರಕ್ಕೂ ಉದ್ಯಾನಕ್ಕೂ ದೂರವಾದ ಹೊರವಲಯಗಳಲ್ಲಿ, ರೈತರ ಬೆಳೆಯ ರಕ್ಷಣೆಗಾಗಿ, ಮಿತವಾಗಿ ಜಿಂಕೆಗಳನ್ನು ಹಿಡಿದು ಕೊಲ್ಲಲು ಸರ್ಕಾರ ಅನುಮತಿ ನೀಡಿದೆ. ಅದು ಆಡಳಿತದ ಕಡತದಲ್ಲಿ ನಡೆಯುವ ಕಾರ್ಯ. ಗರ್ಭಗುಡಿಯ ಮಂತ್ರದಲ್ಲಿ ಅದರ ಪ್ರಸ್ತಾಪ ಬರಬೇಕೆಂಬುದು ನನ್ನ ಅಭಿಲಾಷೆ. ಕಸುಗ ಮಂದಿರವನ್ನು ಸುಮಾರು ಇಪ್ಪತ್ತು ವರ್ಷಗಳಿಗೊಮ್ಮೆ ವಿಧ್ಯುಕ್ತವಾಗಿ ನವೀಕರಿಸುವ ಸಂಪ್ರದಾಯವುಂಟು. 2016ರಲ್ಲಿ ಮುಗಿದುದು ಅರುವತ್ತನೆಯ ನವೀಕರಣ. ಹಳೆಯದನ್ನು ಹಾಗೆಯೇ ಕಾಪಿಡುವುದಕ್ಕಿಂತ ಅದನ್ನು ಮತ್ತೆ ಮತ್ತೆ ಹುಟ್ಟಿಸುವುದರಲ್ಲಿ ಪಾವಿತ್ರ್ಯವಿದೆಯೆಂದು ಇಷ್ಟು ದೃಢವಾಗಿ ನಂಬಿದವರಿಗೆ, ಬೆನ್ನ ಹಿಂದಿನ ಬೆಟ್ಟದ ಮರುಹುಟ್ಟು ತಮ್ಮ ವಿಧಿಯಿಂದ ಹೊರಗಿನದೆಂದು ಅನಿಸಬೇಕಾಗಿಲ್ಲ. ಅರುವತ್ತೊಂದನೆಯ ನವೀಕರಣದ ಸಂಕಲ್ಪವಾಗುವಾಗ ಸೂರಿನ ತೊಗಟೆ, ಕಂಬದ ಬಣ್ಣಗಳ ಜೊತೆಗೆ ಬೇಲಿಯೊಳಗೆ ನಿಂತ ಓಕ್ ಸಸಿಗಳ ಎಣಿಕೆಯನ್ನೂ, ಆ ಸಸಿಗಳಿಗಾಗಿ ಬೆಟ್ಟದಿಂದ ತೆಗೆಯಬೇಕಾಗಿ ಬಂದ ಜಿಂಕೆಗಳ ಎಣಿಕೆಯನ್ನೂ ಅರ್ಚಕರು ದೇವರಿಗೆ ಓದಿ ಹೇಳಲಿ.